ಪವರ್ ಕನ್ವರ್ಟರ್‌ಗೆ ನಿಯಂತ್ರಣ ಲೂಪ್ ಕಟ್ಟುವ ಬಗೆ: ವಿಧಾನಕ್ಕಿಂತ ಮೊದಲು ಫೇಸ್ ಲೆಕ್ಕ

ಒಂದು ವೋಲ್ಟೇಜನ್ನು ಇನ್ನೊಂದಕ್ಕೆ ಬದಲಿಸುವ ಪವರ್ ಕನ್ವರ್ಟರ್ ಒಂದರ ಸರ್ಕ್ಯೂಟ್ ಸಿದ್ಧವಾದ ಕೂಡಲೇ ಹೆಚ್ಚಿನವರು ಕೇಳುವ ಪ್ರಶ್ನೆ, ಇದಕ್ಕೆ ಯಾವ ನಿಯಂತ್ರಣ ವಿಧಾನ ಹಾಕಬೇಕು ಎಂಬುದು. ವೋಲ್ಟೇಜ್ ಮೋಡ್, ಕರೆಂಟ್ ಮೋಡ್, ಸ್ಲೈಡಿಂಗ್ ಮೋಡ್, ಪ್ರಿಡಿಕ್ಟಿವ್ ಕಂಟ್ರೋಲ್ ಎಂದು ಹೆಸರುಗಳ ಪಟ್ಟಿ ಉದ್ದವಿದೆ. ನನ್ನ ಅನುಭವದಲ್ಲಿ ಇದು ಎರಡನೆಯ ಪ್ರಶ್ನೆ. ಲೂಪ್, ಅಂದರೆ ಔಟ್‌ಪುಟ್ಟನ್ನು ಅಳೆದು ಸ್ವಿಚ್ಚನ್ನು ತಿದ್ದುತ್ತಿರುವ ಸುತ್ತು, ಕನಿಷ್ಠ ಎಷ್ಟು ವೇಗವಾಗಿರಬೇಕು, ಗರಿಷ್ಠ ಎಷ್ಟು ವೇಗವನ್ನು ಈ ಸರ್ಕ್ಯೂಟ್ ತಾಳಿಕೊಳ್ಳುತ್ತದೆ ಎಂಬ ಎರಡು ಅಂಕಿಗಳನ್ನು ಮೊದಲು ಕಾಗದದ ಮೇಲೆ ಬರೆದುಕೊಂಡರೆ, ವಿಧಾನದ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗಿಬಿಡುತ್ತದೆ. ಇಲ್ಲಿ ವೋಲ್ಟೇಜನ್ನು ತಗ್ಗಿಸುವ ಒಂದೇ ಬಕ್ ಕನ್ವರ್ಟರನ್ನು ಹಿಡಿದುಕೊಂಡು ಆ ಲೆಕ್ಕವನ್ನು ಮೊದಲಿನಿಂದ ಮಾಡೋಣ.

ನಮ್ಮ ಉದಾಹರಣೆಯ ಇನ್‌ಪುಟ್ 24 ವೋಲ್ಟ್, ಆದರೆ ಅದು 18ರಿಂದ 30 ವೋಲ್ಟ್‌ವರೆಗೆ ಓಲಾಡಬಹುದು. ಔಟ್‌ಪುಟ್ 12 ವೋಲ್ಟ್, 5 ಆಂಪಿಯರ್. ಸ್ವಿಚಿಂಗ್ ಆವರ್ತನ 100 ಕಿಲೋಹರ್ಟ್ಜ್. ಇಂಡಕ್ಟರ್ ಕರೆಂಟಿನ ಏರಿಳಿತ 1.5 ಆಂಪಿಯರ್ ಇರಲಿ ಎಂದುಕೊಂಡರೆ ಇಂಡಕ್ಟರ್ 40 ಮೈಕ್ರೋಹೆನ್ರಿ ಆಗುತ್ತದೆ. ಅದರ ತಂತಿಯ ರೋಧ 30 ಮಿಲಿಓಮ್ ಎನ್ನೋಣ. ಔಟ್‌ಪುಟ್ ಕೆಪ್ಯಾಸಿಟರ್ 220 ಮೈಕ್ರೋಫ್ಯಾರಡ್, ಅದರ ಒಳರೋಧ, ಅಂದರೆ ಇಎಸ್‌ಆರ್, 20 ಮಿಲಿಓಮ್. ಲೋಡ್ ಒಮ್ಮೆಗೇ 2.5 ಆಂಪಿಯರ್ ಏರಿದಾಗಲೂ ಔಟ್‌ಪುಟ್ 0.6 ವೋಲ್ಟ್‌ಗಿಂತ ಹೆಚ್ಚು ಕುಸಿಯಬಾರದು ಎಂಬುದು ಬೇಡಿಕೆ.

ಕೆಳಗಿನ ಮಿತಿ, ಮೇಲಿನ ಮಿತಿ

ಲೋಡ್ ಏಕಾಏಕಿ ಏರಿದಾಗ ಲೂಪ್ ಎಚ್ಚೆತ್ತು ಇಂಡಕ್ಟರ್ ಕರೆಂಟನ್ನು ಏರಿಸುವವರೆಗೂ ಕೊರತೆಯನ್ನು ತುಂಬುವುದು ಕೆಪ್ಯಾಸಿಟರ್ ಮಾತ್ರ. ಆದ್ದರಿಂದ ಔಟ್‌ಪುಟ್ ಎಷ್ಟು ಕುಸಿಯುತ್ತದೆ ಎಂಬುದು ಸ್ಥೂಲವಾಗಿ ಕರೆಂಟಿನ ಜಿಗಿತವನ್ನು ಕ್ರಾಸ್‌ಓವರ್ ಆವರ್ತನ, ಕೆಪ್ಯಾಸಿಟರ್ ಮತ್ತು 6.28 ಇವುಗಳ ಗುಣಲಬ್ಧದಿಂದ ಭಾಗಿಸಿದಷ್ಟು. ಲೂಪಿನ ಗೇನ್, ಅಂದರೆ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, 1ಕ್ಕೆ ಇಳಿಯುವ ಆವರ್ತನವೇ ಕ್ರಾಸ್‌ಓವರ್. ನಮ್ಮ ಅಂಕಿಗಳನ್ನು ಹಾಕಿದರೆ, 0.6 ವೋಲ್ಟಿನೊಳಗೆ ಉಳಿಯಲು ಕ್ರಾಸ್‌ಓವರ್ ಕನಿಷ್ಠ 3 ಕಿಲೋಹರ್ಟ್ಜ್ ಇರಬೇಕೆಂದು ಬರುತ್ತದೆ. ಇದು ಕೆಳಗಿನ ಮಿತಿ. ಇದರ ಜೊತೆಗೆ ಇಎಸ್‌ಆರ್‌ನಿಂದ ತಕ್ಷಣವೇ ಆಗುವ 0.05 ವೋಲ್ಟಿನ ಕುಸಿತವನ್ನು ಯಾವ ನಿಯಂತ್ರಣ ವಿಧಾನವೂ ತಪ್ಪಿಸಲಾರದು.

ಮೇಲಿನ ಮಿತಿ ಸ್ವಿಚಿಂಗ್‌ನಿಂದ ಬರುತ್ತದೆ. ನಾವು ಬಳಸುವ ಸರಾಸರಿ ಮಾದರಿ, ಅಂದರೆ 1976ರಲ್ಲಿ ಮಿಡಲ್‌ಬ್ರುಕ್ ಮತ್ತು ಚುಕ್ ಮಂಡಿಸಿದ ಸ್ಟೇಟ್-ಸ್ಪೇಸ್ ಸರಾಸರಿ ಪದ್ಧತಿ, ಸ್ವಿಚಿಂಗ್ ಆವರ್ತನಕ್ಕಿಂತ ಬಹಳ ಕೆಳಗೆ ಮಾತ್ರ ನಂಬಲರ್ಹ. ಅರ್ಧ ಸ್ವಿಚಿಂಗ್ ಆವರ್ತನದ ಹತ್ತಿರ ಅದರ ಮಾತಿಗೆ ಬೆಲೆಯಿಲ್ಲ. ಅನಲಾಗ್ ನಿಯಂತ್ರಣದಲ್ಲಿ ಸ್ವಿಚಿಂಗ್‌ನ ಹತ್ತನೇ ಒಂದು ಭಾಗ, ಅಂದರೆ ಇಲ್ಲಿ 10 ಕಿಲೋಹರ್ಟ್ಜ್, ಸುರಕ್ಷಿತ ಗುರಿ. 3ರಿಂದ 10ರವರೆಗಿನ ಈ ಅಂತರದೊಳಗೇ ನಮ್ಮ ಕೆಲಸವೆಲ್ಲ ನಡೆಯಬೇಕು.

ವೋಲ್ಟೇಜ್ ಮೋಡ್: ಒಂದೇ ಲೂಪ್, ಆದರೆ ಎರಡು ಪೋಲ್

ವೋಲ್ಟೇಜ್ ಮೋಡ್‌ನಲ್ಲಿ ಔಟ್‌ಪುಟ್ ವೋಲ್ಟೇಜನ್ನಷ್ಟೇ ಅಳೆದು, ಗುರಿಯಿಂದ ಆದ ವ್ಯತ್ಯಾಸವನ್ನು, ಅಂದರೆ ದೋಷವನ್ನು, ಗೇನ್ ಮತ್ತು ಫೇಸನ್ನು ತಿದ್ದುವ ಕಾಂಪೆನ್ಸೇಟರಿನ ಮೂಲಕ ಹಾಯಿಸಿ, ಗರಗಸದ ತರಂಗದೊಂದಿಗೆ ಹೋಲಿಸಿ ಡ್ಯೂಟಿಯನ್ನು (ಪ್ರತಿ ಆವರ್ತದಲ್ಲಿ, ಅಂದರೆ ಸ್ವಿಚ್ ಒಮ್ಮೆ ಮುಚ್ಚಿ ತೆರೆಯುವ ಅವಧಿಯಲ್ಲಿ, ಅದು ಮುಚ್ಚಿಕೊಂಡು ಕರೆಂಟ್ ಹರಿಸುವ ಪಾಲು) ನಿರ್ಧರಿಸುತ್ತೇವೆ. ಇಲ್ಲಿ ಇಂಡಕ್ಟರ್ ಮತ್ತು ಕೆಪ್ಯಾಸಿಟರ್ ಸೇರಿ 1.7 ಕಿಲೋಹರ್ಟ್ಜ್‌ನಲ್ಲಿ ಅನುರಣಿಸುತ್ತವೆ. ಆ ಆವರ್ತನವನ್ನು ದಾಟಿದ ಮೇಲೆ ಗೇನ್ ಪ್ರತಿ ಹತ್ತು ಪಟ್ಟಿಗೆ 40 ಡೆಸಿಬೆಲ್ ಇಳಿಯುತ್ತದೆ, ಫೇಸ್, ಅಂದರೆ ಸಂಕೇತ ಹಿಂದೆ ಬೀಳುವ ಕೋನ, ನೇರವಾಗಿ ಮೈನಸ್ 180 ಡಿಗ್ರಿಯತ್ತ ಜಾರುತ್ತದೆ. ಹೀಗೆ ಗೇನ್ ಮತ್ತು ಫೇಸನ್ನು ಇಳಿಸುವ ತಿರುವೇ ಪೋಲ್, ಇಲ್ಲಿ ಅಂಥವು ಎರಡಿವೆ; ಅವನ್ನು ಏರಿಸುವ ತಿರುವು ಝೀರೋ. ಇಎಸ್‌ಆರ್ ಕೊಡುವ ಝೀರೋ 36 ಕಿಲೋಹರ್ಟ್ಜ್‌ನಲ್ಲಿರುವುದರಿಂದ 10 ಕಿಲೋಹರ್ಟ್ಜ್‌ನಲ್ಲಿ ಅದರಿಂದ ಸಿಗುವ ಸಹಾಯ 15 ಡಿಗ್ರಿಯಷ್ಟೇ. ರೋಧಗಳ ಪಾಲಿನ 3 ಡಿಗ್ರಿ ಸೇರಿಸಿದರೆ ಅಲ್ಲಿ ಫೇಸ್ ಸುಮಾರು ಮೈನಸ್ 162.

ಈಗ ಜಮಾ-ಖರ್ಚು ಬರೆಯೋಣ. ನಮಗೆ ಬೇಕಾದ ಫೇಸ್ ಮಾರ್ಜಿನ್, ಅಂದರೆ ಲೂಪ್ ಆಂದೋಲಿಸತೊಡಗುವ ಮೈನಸ್ 180 ಡಿಗ್ರಿಯಿಂದ ಕ್ರಾಸ್‌ಓವರಿನಲ್ಲಿ ಉಳಿಯುವ ಅಂತರ, 60 ಡಿಗ್ರಿ. ಸ್ಥಿರ ದೋಷ ಶೂನ್ಯವಾಗಬೇಕಾದರೆ ದೋಷವನ್ನು ಕೂಡಿಸುತ್ತಾ ಹೋಗುವ ಇಂಟಿಗ್ರೇಟರ್ ಬೇಕು. ಅದು 90 ಡಿಗ್ರಿಯನ್ನು ತಿನ್ನುತ್ತದೆ. ಮೈನಸ್ 162ರಿಂದ ಹೊರಟು ಇವೆರಡನ್ನೂ ತುಂಬಿಸಲು ಕಾಂಪೆನ್ಸೇಟರ್ 132 ಡಿಗ್ರಿ ಎತ್ತಿಕೊಡಬೇಕು. ಒಂದು ಝೀರೋ ಕೊಡಬಲ್ಲದ್ದು 90ರ ಒಳಗೆ. ಆದ್ದರಿಂದ ಒಂದು ಝೀರೋ ಇರುವ ಟೈಪ್-2 ಇಲ್ಲಿ ಸಾಲದು, ಎರಡು ಝೀರೋ ಮತ್ತು ಎರಡು ಪೋಲ್ ಇರುವ ಟೈಪ್-3 ಬೇಕೇ ಬೇಕು. ಡೀನ್ ವೆನೆಬಲ್ 1983ರಲ್ಲಿ ಕೊಟ್ಟ ಕೆ-ಫ್ಯಾಕ್ಟರ್ ಸೂತ್ರದಂತೆ ಲೆಕ್ಕ ಹಾಕಿದರೆ ಎರಡೂ ಝೀರೋಗಳು 2.1 ಕಿಲೋಹರ್ಟ್ಜ್‌ನಲ್ಲಿ, ಎರಡೂ ಪೋಲ್‌ಗಳು 47 ಕಿಲೋಹರ್ಟ್ಜ್‌ನಲ್ಲಿ ಕೂರುತ್ತವೆ. ಗರಗಸದ ಎತ್ತರ 3 ವೋಲ್ಟ್ ಇದ್ದರೆ 10 ಕಿಲೋಹರ್ಟ್ಜ್‌ನಲ್ಲಿ ಸರ್ಕ್ಯೂಟಿನ ಗೇನ್ ಮೈನಸ್ 12 ಡೆಸಿಬೆಲ್‌ನ ಸುತ್ತಮುತ್ತ ಇರುವುದರಿಂದ, ಫೀಡ್‌ಬ್ಯಾಕ್ ಡಿವೈಡರನ್ನೂ ಒಳಗೊಂಡ ಕಾಂಪೆನ್ಸೇಟರ್ ಅಲ್ಲಿ ನಾಲ್ಕು ಪಟ್ಟು ಗೇನ್ ಕೊಡಬೇಕು.

ಈ ಲೆಕ್ಕದಲ್ಲಿ ಇನ್‌ಪುಟ್ ವೋಲ್ಟೇಜ್ ನೇರವಾಗಿ ಗುಣಕವಾಗಿ ಬರುತ್ತದೆ ಎಂಬುದನ್ನು ಮರೆಯಬಾರದು. ಇನ್‌ಪುಟ್ 30 ವೋಲ್ಟ್‌ಗೆ ಏರಿದರೆ ಗೇನ್ 1.9 ಡೆಸಿಬೆಲ್ ಹೆಚ್ಚುತ್ತದೆ, ಕ್ರಾಸ್‌ಓವರ್ ಮೇಲಕ್ಕೆ ಸರಿಯುತ್ತದೆ. ಗರಗಸದ ಎತ್ತರವನ್ನೇ ಇನ್‌ಪುಟ್ಟಿಗೆ ತಕ್ಕಂತೆ ಏರಿಳಿಸುವ ಫೀಡ್‌ಫಾರ್ವರ್ಡ್ ಸೌಲಭ್ಯ ಹಲವು ಕಂಟ್ರೋಲರ್ ಐಸಿಗಳಲ್ಲಿದೆ. ಇದ್ದರೆ ಬಳಸದೆ ಬಿಡಬಾರದು.

ಪೀಕ್ ಕರೆಂಟ್ ಮೋಡ್: ಇಳಿಜಾರಿನ ಕಥೆ

ಒಳಗೊಂದು ಕರೆಂಟ್ ಲೂಪ್ ಸೇರಿಸಿದರೆ ಇಂಡಕ್ಟರ್ ಹೆಚ್ಚುಕಡಿಮೆ ಕರೆಂಟ್ ಮೂಲದಂತೆ ವರ್ತಿಸುತ್ತದೆ; ಎರಡು ಪೋಲ್‌ಗಳ ಅನುರಣನ ಒಡೆದು ಕೆಳ ಆವರ್ತನದಲ್ಲಿ ಒಂದೇ ಪೋಲ್ ಉಳಿಯುತ್ತದೆ, ಟೈಪ್-2 ಸಾಕಾಗುತ್ತದೆ. ಪ್ರತಿ ಆವರ್ತದಲ್ಲೂ ಕರೆಂಟಿಗೆ ಮಿತಿ ತಾನಾಗಿ ಬೀಳುವುದು ಇನ್ನೊಂದು ಲಾಭ. ಅನಲಾಗ್ ನಿಯಂತ್ರಣವೆಂದರೆ ನಾನು ಮೊದಲು ಕೈಹಾಕುವುದು ಇದಕ್ಕೇ. ಆದರೆ ಇದರ ಜೊತೆ ಬರುವ ಒಂದು ತೊಂದರೆಯನ್ನು ಹತ್ತಿರದಿಂದ ನೋಡಬೇಕು.

ಇನ್‌ಪುಟ್ 18 ವೋಲ್ಟ್‌ಗೆ ಇಳಿದಿದೆ ಎನ್ನೋಣ. ಆಗ ಡ್ಯೂಟಿ 0.67. ಸ್ವಿಚ್ ಮುಚ್ಚಿದ್ದಾಗ ಇಂಡಕ್ಟರಿನ ಮೇಲೆ 6 ವೋಲ್ಟ್ ಬೀಳುವುದರಿಂದ ಕರೆಂಟ್ ಮೈಕ್ರೋಸೆಕೆಂಡಿಗೆ 0.15 ಆಂಪಿಯರಿನಂತೆ ಏರುತ್ತದೆ. ಸ್ವಿಚ್ ತೆರೆದಾಗ 0.3 ಆಂಪಿಯರಿನಂತೆ ಇಳಿಯುತ್ತದೆ. ಒಂದು ಆವರ್ತದ ಆರಂಭದಲ್ಲಿ ಗದ್ದಲದ ಕಾರಣದಿಂದ ಕರೆಂಟ್ 0.1 ಆಂಪಿಯರ್ ಹೆಚ್ಚಿತ್ತು ಎಂದುಕೊಳ್ಳಿ. ಅದು ಪೀಕ್ ಮಟ್ಟವನ್ನು ಬೇಗ ಮುಟ್ಟುತ್ತದೆ, ಬೇಗ ಇಳಿಯತೊಡಗುತ್ತದೆ, ಮತ್ತು ಇಳಿಜಾರು ಏರಿಗಿಂತ ಎರಡು ಪಟ್ಟು ಕಡಿದಾಗಿರುವುದರಿಂದ ಆವರ್ತದ ಕೊನೆಗೆ 0.2 ಆಂಪಿಯರ್ ಕಡಿಮೆಯಾಗಿ ಬಂದು ನಿಲ್ಲುತ್ತದೆ. ಮುಂದಿನ ಆವರ್ತದಲ್ಲಿ 0.4 ಹೆಚ್ಚು, ಅದರಾಚೆ 0.8 ಕಡಿಮೆ. ಆಸಿಲೋಸ್ಕೋಪಿನಲ್ಲಿ ಗೇಟ್ ಪಲ್ಸ್ ನೋಡಿದರೆ ಒಂದು ಅಗಲ, ಒಂದು ಕಿರಿದು, ಮತ್ತೆ ಒಂದು ಅಗಲ ಎಂಬಂತೆ ಕಾಣುತ್ತದೆ. ಸ್ವಿಚಿಂಗ್ ಆವರ್ತನ ಕಿವಿಗೆ ಕೇಳದಷ್ಟು ಮೇಲಿದ್ದರೂ ಅದರ ಅರ್ಧ ಕಿವಿಯ ಮಿತಿಯೊಳಗೆ ಬರುವ ಕನ್ವರ್ಟರುಗಳಲ್ಲಿ ಇಂಡಕ್ಟರ್ ಸಿಳ್ಳೆ ಹಾಕುತ್ತದೆ. ಡ್ಯೂಟಿ 0.5 ದಾಟಿದೊಡನೆ ಶುರುವಾಗುವ ಈ ಸಬ್‌ಹಾರ್ಮೋನಿಕ್ ಆಂದೋಲನಕ್ಕೆ ಹೊರಗಿನ ವೋಲ್ಟೇಜ್ ಲೂಪ್ ಕಾರಣವೇ ಅಲ್ಲ. ಆದರೂ ಕಾಂಪೆನ್ಸೇಟರಿನ ರೆಸಿಸ್ಟರ್ ಬದಲಿಸುತ್ತಾ ದಿನಗಟ್ಟಲೆ ಕೂರುವವರನ್ನು ನಾನು ಕಂಡಿದ್ದೇನೆ.

ಮದ್ದು ಸುಲಭ: ಪೀಕ್ ಮಟ್ಟವನ್ನು ಸ್ಥಿರವಾಗಿಡದೆ, ಆವರ್ತ ಮುಂದುವರಿದಂತೆ ಕೆಳಕ್ಕೆ ಇಳಿಯುವ ಒಂದು ಇಳಿಜಾರಿನ ಮೇಲೆ ಕೂರಿಸಬೇಕು. ಅದರ ಕಡಿದುತನ ಇಂಡಕ್ಟರ್ ಕರೆಂಟಿನ ಇಳಿತದ ಕನಿಷ್ಠ ಅರ್ಧದಷ್ಟಿರಬೇಕು, ಅಂದರೆ ಇಲ್ಲಿ ಮೈಕ್ರೋಸೆಕೆಂಡಿಗೆ 0.15 ಆಂಪಿಯರ್. ಇಷ್ಟನ್ನು ಸೇರಿಸಿದರೆ ಅದೇ 0.1 ಆಂಪಿಯರಿನ ದೋಷ ಮುಂದಿನ ಆವರ್ತದಲ್ಲಿ 0.05, ಅದರಾಚೆ 0.025 ಆಗಿ ಆರಿಹೋಗುತ್ತದೆ. ಇಳಿಜಾರು ಬೇಕಾಬಿಟ್ಟಿ ಹೆಚ್ಚಿಸಿದರೆ ಕರೆಂಟ್ ಲೂಪಿನ ಪ್ರಭಾವವೇ ಮುಚ್ಚಿಹೋಗಿ ಕನ್ವರ್ಟರ್ ಮರಳಿ ವೋಲ್ಟೇಜ್ ಮೋಡಿನಂತೆ ವರ್ತಿಸತೊಡಗುತ್ತದೆ, ಎರಡು ಪೋಲ್‌ಗಳ ತಲೆನೋವೂ ಅದರೊಂದಿಗೆ ಹಿಂದಿರುಗುತ್ತದೆ.

ಡಿಜಿಟಲ್ ಮಾಡಿದರೆ ವಿಳಂಬದ ಸುಂಕ

ಇದೇ ಸರ್ಕ್ಯೂಟನ್ನು ಮೈಕ್ರೋಕಂಟ್ರೋಲರಿನಿಂದ ನಡೆಸಲು ಹೊರಟಾಗ ಫೇಸ್ ಪುಸ್ತಕದಲ್ಲಿ ಒಂದು ಹೊಸ ಖರ್ಚು ಸೇರುತ್ತದೆ. ಒಂದು ಆವರ್ತದಲ್ಲಿ ಅಳೆದದ್ದರ ಫಲ ಮುಂದಿನ ಆವರ್ತದಲ್ಲಿ ಜಾರಿಗೆ ಬರುತ್ತದೆ, ಡ್ಯೂಟಿಗೆ ತಕ್ಕ ಅಗಲದ ಪಲ್ಸ್ ಕೊಡುವ ಪಿಡಬ್ಲ್ಯೂಎಂ ಅದನ್ನು ಆವರ್ತದುದ್ದಕ್ಕೂ ಹಿಡಿದಿಡುತ್ತದೆ. ಒಟ್ಟು ವಿಳಂಬ ಒಂದೂವರೆ ಆವರ್ತ, ಅಂದರೆ 15 ಮೈಕ್ರೋಸೆಕೆಂಡ್. 10 ಕಿಲೋಹರ್ಟ್ಜ್‌ನಲ್ಲಿ ಇದು ನುಂಗುವ ಫೇಸ್ 54 ಡಿಗ್ರಿ. ಅನಲಾಗ್‌ನಲ್ಲಿ ಕಷ್ಟಪಟ್ಟು ಗಳಿಸಿದ 60 ಡಿಗ್ರಿಯಲ್ಲಿ ಆರು ಉಳಿಯುತ್ತದೆ. ಅನಲಾಗ್ ಕಾಂಪೆನ್ಸೇಟರನ್ನು ಹಾಗೆಯೇ ಡಿಜಿಟಲ್‌ಗೆ ಪರಿವರ್ತಿಸಿ ಬೋರ್ಡ್‌ಗೆ ಹಾಕಿದವರಿಗೆ ಔಟ್‌ಪುಟ್ ಕುಣಿಯುವುದು ಯಾಕೆಂದು ಅರ್ಥವಾಗದಿರುವುದು ಇದೇ ಕಾರಣಕ್ಕೆ.

ಡಿಜಿಟಲ್‌ನಲ್ಲಿ ನಾನು ಹಿಡಿಯುವ ದಾರಿ ಎರಡು ಲೂಪಿನದು: ಒಳಗೆ ಸರಾಸರಿ ಕರೆಂಟಿಗೆ ಒಂದು ಪಿಐ (ದೋಷದ ಅನುಪಾತ ಮತ್ತು ಅದರ ಮೊತ್ತ ಎರಡನ್ನೂ ಬಳಸುವ ನಿಯಂತ್ರಕ), ಹೊರಗೆ ವೋಲ್ಟೇಜಿಗೆ ಇನ್ನೊಂದು ಪಿಐ. ಒಳಲೂಪಿನ ಕ್ರಾಸ್‌ಓವರ್ ಸ್ವಿಚಿಂಗ್‌ನ ಇಪ್ಪತ್ತನೇ ಒಂದು ಭಾಗ, 5 ಕಿಲೋಹರ್ಟ್ಜ್ ಇರಲಿ. ಅಲ್ಲಿ ಇಂಡಕ್ಟರ್ 90 ಡಿಗ್ರಿ, ವಿಳಂಬ 27 ಡಿಗ್ರಿ, 500 ಹರ್ಟ್ಜ್‌ನಲ್ಲಿಟ್ಟ ಪಿಐ ಝೀರೋ ಸುಮಾರು 6 ಡಿಗ್ರಿ ತಿಂದು, 57 ಡಿಗ್ರಿ ಮಾರ್ಜಿನ್ ಉಳಿಯುತ್ತದೆ. ಅನುಪಾತ ಗುಣಾಂಕ ಪ್ರತಿ ಆಂಪಿಯರ್ ದೋಷಕ್ಕೆ 0.052 ಡ್ಯೂಟಿ, 5 ಕಿಲೋಹರ್ಟ್ಜ್‌ನಲ್ಲಿ ಇಂಡಕ್ಟರಿನ ಪ್ರತಿಬಾಧೆಯಾದ 1.26 ಓಮನ್ನು ಇನ್‌ಪುಟ್ಟಿನ 24ರಿಂದ ಭಾಗಿಸಿದರೆ ಇದು ಸಿಗುತ್ತದೆ. ಹೊರಲೂಪ್ ಒಳಲೂಪಿನ ಐದನೇ ಒಂದು ಭಾಗದಲ್ಲಿ, 1 ಕಿಲೋಹರ್ಟ್ಜ್‌ನಲ್ಲಿ ನಿಂತರೆ ಎರಡೂ ಒಂದನ್ನೊಂದು ಕೆಡಿಸುವುದಿಲ್ಲ. ಅದರ ಅನುಪಾತ ಗುಣಾಂಕ ಪ್ರತಿ ವೋಲ್ಟ್ ದೋಷಕ್ಕೆ ಸುಮಾರು 1.4 ಆಂಪಿಯರ್.

ಎಲ್ಲವೂ ಚೆನ್ನಾಗಿ ಕಾಣುತ್ತದೆ, ಆದರೆ ಮೊದಲು ಬರೆದಿಟ್ಟ ಕೆಳಗಿನ ಮಿತಿ 3 ಕಿಲೋಹರ್ಟ್ಜ್ ಆಗಿತ್ತು. 1 ಕಿಲೋಹರ್ಟ್ಜ್ ಲೂಪಿನಲ್ಲಿ ಲೋಡ್ ಜಿಗಿತಕ್ಕೆ ಔಟ್‌ಪುಟ್ ಸ್ಥೂಲವಾಗಿ 1.8 ವೋಲ್ಟ್ ಕುಸಿಯುತ್ತದೆ, ಬೇಡಿಕೆಯ ಮೂರು ಪಟ್ಟು. ಇಲ್ಲಿ ಗುಣಾಂಕ ತಿರುಚಿ ಪ್ರಯೋಜನವಿಲ್ಲ, ಹಾರ್ಡ್‌ವೇರ್ ಬದಲಾಗಬೇಕು. ಪ್ರತಿ ಆವರ್ತದಲ್ಲಿ ಎರಡು ಬಾರಿ ಅಳೆದು ಎರಡು ಬಾರಿ ಡ್ಯೂಟಿ ಬದಲಿಸಿದರೆ ವಿಳಂಬ 7.5 ಮೈಕ್ರೋಸೆಕೆಂಡಿಗೆ ಇಳಿಯುತ್ತದೆ. ಅದೇ ಮಾರ್ಜಿನ್ನಿನಲ್ಲಿ ಒಳಲೂಪ್ 10ಕ್ಕೆ, ಹೊರಲೂಪ್ 2 ಕಿಲೋಹರ್ಟ್ಜ್‌ಗೆ ಏರಬಹುದು. ಕೆಪ್ಯಾಸಿಟರನ್ನು 470 ಮೈಕ್ರೋಫ್ಯಾರಡ್ ಮಾಡಿದರೆ ಕೆಳಗಿನ ಮಿತಿಯೇ 1.4 ಕಿಲೋಹರ್ಟ್ಜ್‌ಗೆ ಇಳಿಯುತ್ತದೆ, ಕುಸಿತ 0.42 ವೋಲ್ಟಿನಲ್ಲಿ ನಿಲ್ಲುತ್ತದೆ. ಆದರೆ ಹೊರಲೂಪಿನ ಅನುಪಾತ ಗುಣಾಂಕವನ್ನು ಹೊಸ ಕೆಪ್ಯಾಸಿಟರ್ ಮತ್ತು ಹೊಸ ಆವರ್ತನಕ್ಕೆ ಮತ್ತೆ ಲೆಕ್ಕ ಹಾಕಬೇಕು, ಹಳೆಯ 1.4ನ್ನೇ ಬಿಟ್ಟರೆ ಲೂಪ್ 2 ಕಿಲೋಹರ್ಟ್ಜ್ ಮುಟ್ಟುವುದೇ ಇಲ್ಲ.

ಅಳೆಯುವ ಕ್ಷಣ ಯಾವುದು ಎಂಬುದಕ್ಕೂ ಇಷ್ಟೇ ಮಹತ್ವವಿದೆ. ಒಮ್ಮೆ ನಾನೇ ಎರಡು ದಿನ ಪಿಐ ಗುಣಾಂಕಗಳನ್ನು ತಿದ್ದುತ್ತಾ ಕುಳಿತಿದ್ದೆ. ಕರೆಂಟ್ ಓದು ಕಾರಣವಿಲ್ಲದೆ ಜಿಗಿಯುತ್ತಿತ್ತು. ಕೊನೆಗೆ ನೋಡಿದರೆ, ಅಳತೆಯನ್ನು ಅಂಕಿಯಾಗಿಸುವ ಎಡಿಸಿ ಸರಿಯಾಗಿ ಸ್ವಿಚ್ ತೆರೆಯುವ ಕ್ಷಣದಲ್ಲೇ ಮಾದರಿ ತೆಗೆಯುತ್ತಿತ್ತು, ಗುಣಾಂಕಗಳ ತಪ್ಪೇನೂ ಇರಲಿಲ್ಲ. ಪಿಡಬ್ಲ್ಯೂಎಂ ಕೌಂಟರನ್ನು ಮೇಲಕ್ಕೂ ಕೆಳಕ್ಕೂ ಎಣಿಸುವಂತೆ ಇಟ್ಟು, ಅದರ ತುದಿಯಲ್ಲಿ ಅಥವಾ ಬುಡದಲ್ಲಿ ಎಡಿಸಿಯನ್ನು ಪ್ರಚೋದಿಸಿದರೆ ಸ್ವಿಚಿಂಗ್ ಅಂಚುಗಳಿಂದ ದೂರವಿರುತ್ತೇವೆ. ಆ ಕ್ಷಣದ ಕರೆಂಟೇ ಸರಾಸರಿ ಕರೆಂಟ್ ಆಗಿರುವುದರಿಂದ ಫಿಲ್ಟರಿನ ಹಂಗೂ ತಪ್ಪುತ್ತದೆ.

ಇನ್ನೊಂದು ಸೂಕ್ಷ್ಮ ಸಂಗತಿ ರೆಸಲ್ಯೂಷನ್. 100 ಮೆಗಾಹರ್ಟ್ಜ್ ಗಡಿಯಾರದಿಂದ ಒಂದೇ ದಿಕ್ಕಿನಲ್ಲಿ ಎಣಿಸುವ 100 ಕಿಲೋಹರ್ಟ್ಜ್ ಪಿಡಬ್ಲ್ಯೂಎಂ ಮಾಡಿದರೆ ಡ್ಯೂಟಿಗೆ ಸಾವಿರ ಮೆಟ್ಟಿಲು ಸಿಗುತ್ತವೆ. ಒಂದೊಂದು ಮೆಟ್ಟಿಲೂ ಔಟ್‌ಪುಟ್ಟಿನಲ್ಲಿ 24 ಮಿಲಿವೋಲ್ಟ್. ಎರಡೂ ದಿಕ್ಕಿಗೆ ಎಣಿಸಿದರೆ ಇದು 48ಕ್ಕೆ ಏರುತ್ತದೆ. ಅತ್ತ 12 ಬಿಟ್ ಎಡಿಸಿ 16.5 ವೋಲ್ಟ್ ಪೂರ್ಣ ಅಳತೆಯಲ್ಲಿ 4 ಮಿಲಿವೋಲ್ಟನ್ನು ಗುರುತಿಸಬಲ್ಲದು. ಆಗ ಎಡಿಸಿ ಶೂನ್ಯ ದೋಷವೆಂದು ಒಪ್ಪುವ ಕಿರಿದಾದ ಪಟ್ಟಿಯೊಳಗೆ ಪಿಡಬ್ಲ್ಯೂಎಂನ ಯಾವ ಮೆಟ್ಟಿಲೂ ಬೀಳದೇ ಹೋಗಬಹುದು. ಇಂಟಿಗ್ರೇಟರ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಅಲೆಯುತ್ತಲೇ ಇರುತ್ತದೆ, ಔಟ್‌ಪುಟ್ಟಿನಲ್ಲಿ ನಿಧಾನವಾದ ತೂಗಾಟ ಕಾಣುತ್ತದೆ. ಈ ಲಿಮಿಟ್ ಸೈಕಲ್ ತಪ್ಪಿಸಲು ಪಿಡಬ್ಲ್ಯೂಎಂ ಮೆಟ್ಟಿಲು ಎಡಿಸಿ ಮೆಟ್ಟಿಲಿಗಿಂತ ಸಣ್ಣದಿರಬೇಕು. ಹೈ-ರೆಸಲ್ಯೂಷನ್ ಪಿಡಬ್ಲ್ಯೂಎಂ ಇರುವ ಚಿಪ್ ಆರಿಸಿ, ಇಲ್ಲವೇ ಎಡಿಸಿಯ ಕೆಳಗಿನ ಕೆಲವು ಬಿಟ್‌ಗಳನ್ನು ಕೈಬಿಡಿ.

ಇಂಟಿಗ್ರೇಟರಿಗೆ ಕಡಿವಾಣ ಹಾಕುವುದು ಕಡ್ಡಾಯ. ಡ್ಯೂಟಿ ಮಿತಿ ಮುಟ್ಟಿದಾಗ ಸಂಗ್ರಹವನ್ನು ನಿಲ್ಲಿಸದಿದ್ದರೆ ಅದು ತುಂಬಿಕೊಳ್ಳುತ್ತಲೇ ಹೋಗಿ, ಚಾಲೂ ಮಾಡಿದಾಗ ಔಟ್‌ಪುಟ್ ಗುರಿಯನ್ನು ಮೀರಿ ಹಾರುತ್ತದೆ. ಗುರಿ ವೋಲ್ಟೇಜನ್ನು 10 ಮಿಲಿಸೆಕೆಂಡಿನಲ್ಲಿ ನಿಧಾನವಾಗಿ ಏರಿಸಿದರೆ 470 ಮೈಕ್ರೋಫ್ಯಾರಡ್ ತುಂಬಲು ಬೇಕಾಗುವುದು 0.56 ಆಂಪಿಯರ್ ಮಾತ್ರ.

ಬೂಸ್ಟ್ ಆದರೆ ಮೇಲಿನ ಮಿತಿಯೇ ಬೇರೆ

ವೋಲ್ಟೇಜನ್ನು ಏರಿಸುವ ಬೂಸ್ಟ್ ಕನ್ವರ್ಟರಿನಲ್ಲಿ ಡ್ಯೂಟಿ ಹೆಚ್ಚಿಸಿದ ಕೂಡಲೇ ಡಯೋಡ್ ನಡೆಸುವ ಅವಧಿ ಕುಗ್ಗುತ್ತದೆ. ಇಂಡಕ್ಟರ್ ಕರೆಂಟ್ ಇನ್ನೂ ಏರಿರುವುದಿಲ್ಲ. ಹಾಗಾಗಿ ಔಟ್‌ಪುಟ್ ಮೊದಲು ಕೆಳಗಿಳಿದು ಆಮೇಲೆ ಮೇಲೇರುತ್ತದೆ. ಅವಸರದ ಲೂಪ್ ಈ ಮೊದಲ ಇಳಿತವನ್ನು ಕಂಡು ಡ್ಯೂಟಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ, ಅಲ್ಲಿಗೆ ಕೆಲಸ ಕೆಟ್ಟಿತು. ಬಲಪಾರ್ಶ್ವದ ಝೀರೋ ಎಂದು ಗಣಿತದಲ್ಲಿ ಕರೆಯುವ ಇದು ಗೇನನ್ನು ಏರಿಸುತ್ತಲೇ ಫೇಸನ್ನು ಇಳಿಸುತ್ತದೆ. ಯಾವ ಕಾಂಪೆನ್ಸೇಟರೂ ಇದನ್ನು ಅಳಿಸಲಾರದು. 12ರಿಂದ 24 ವೋಲ್ಟ್‌ಗೆ 2.5 ಆಂಪಿಯರ್ ಕೊಡುವ ಬೂಸ್ಟ್‌ನಲ್ಲಿ ಅದೇ 40 ಮೈಕ್ರೋಹೆನ್ರಿ ಇದ್ದರೆ ಈ ಝೀರೋ 9.5 ಕಿಲೋಹರ್ಟ್ಜ್‌ನಲ್ಲಿರುತ್ತದೆ. ಕ್ರಾಸ್‌ಓವರ್ ಅದರ ಮೂರನೇ ಒಂದು ಭಾಗವನ್ನು ಮೀರಬಾರದು, ಐದನೇ ಒಂದು ಭಾಗವಾದರೆ ನೆಮ್ಮದಿ. ಇನ್‌ಪುಟ್ ಇಳಿದು ಲೋಡ್ ಹೆಚ್ಚಿದಾಗ ಝೀರೋ ಇನ್ನೂ ಕೆಳಗಿಳಿಯುತ್ತದೆ; ಲೆಕ್ಕವನ್ನು ಆ ಮೂಲೆಯಲ್ಲೇ, ಅಂದರೆ ಆ ಅತಿ ಕಠಿಣ ಸ್ಥಿತಿಯಲ್ಲೇ, ಮಾಡಬೇಕು.

ಡಿಸಿಯನ್ನು ಎಸಿ ಮಾಡುವ ಮೂರು ಫೇಸಿನ ಇನ್ವರ್ಟರಿಗೂ (ಇಲ್ಲಿ ಫೇಸ್ ಎಂದರೆ ಎಸಿಯ ತಂತಿಗಳು) ಇದೇ ಜಮಾ-ಖರ್ಚು ಸಲ್ಲುತ್ತದೆ. ಜಾಲದೊಂದಿಗೆ ತಿರುಗುವ ಡಿ-ಕ್ಯೂ ಅಕ್ಷಗಳಿಗೆ ಪರಿವರ್ತಿಸಿದ ಮೇಲೆ ಕರೆಂಟ್ ನೇರ ಪ್ರವಾಹದಂತೆ ಕಾಣುವುದರಿಂದ ಸಾಧಾರಣ ಪಿಐ ಸಾಕು. 10 ಕಿಲೋಹರ್ಟ್ಜ್ ಸ್ವಿಚಿಂಗ್, 2 ಮಿಲಿಹೆನ್ರಿ ಫಿಲ್ಟರ್ ಇದ್ದರೆ ಕ್ರಾಸ್‌ಓವರ್ 500 ಹರ್ಟ್ಜ್, ಅನುಪಾತ ಗುಣಾಂಕ ಪ್ರತಿ ಆಂಪಿಯರಿಗೆ 6.28 ವೋಲ್ಟ್. 50 ಹರ್ಟ್ಜ್ ಜಾಲದಲ್ಲಿ ಡಿ ಅಕ್ಷದ 10 ಆಂಪಿಯರ್ ಕ್ಯೂ ಅಕ್ಷದಲ್ಲಿ 6.28 ವೋಲ್ಟ್ ಹುಟ್ಟಿಸುತ್ತದೆ. ಅದನ್ನು ಡಿಕಪ್ಲಿಂಗ್ ಪದದಿಂದ ಕಳೆದುಬಿಡಬೇಕು. ಕರೆಂಟ್ ಮೇಲಿನ ಅಥವಾ ಕೆಳಗಿನ ಗಡಿ ಮುಟ್ಟಿದಾಗಲೆಲ್ಲ ಸ್ವಿಚ್ ಬದಲಿಸುವ ಹಿಸ್ಟರೆಸಿಸ್ ನಿಯಂತ್ರಣ ವೇಗದಲ್ಲಿ ಎಲ್ಲರನ್ನೂ ಹಿಂದಿಕ್ಕುತ್ತದೆ, ಆದರೆ ಸ್ವಿಚಿಂಗ್ ಆವರ್ತನ ಅಲೆದಾಡುವುದರಿಂದ ವಿದ್ಯುತ್ಕಾಂತೀಯ ಗದ್ದಲ ತಡೆಯುವ ಇಎಂಐ ಫಿಲ್ಟರ್ ಮಾಡುವವರಿಗೆ ಶಾಪ. ಎರಡು ಮಟ್ಟದ ಇನ್ವರ್ಟರಿನ ಎಂಟು ಸ್ಥಿತಿಗಳನ್ನೂ ಪ್ರತಿ ಬಾರಿ ತೂಗಿ ನೋಡುವ ಪ್ರಿಡಿಕ್ಟಿವ್ ಕಂಟ್ರೋಲ್ ಸೊಗಸಾಗಿದೆ; ಇಂಡಕ್ಟರಿನ ನಿಜವಾದ ಬೆಲೆ ನಿಮಗೆ ಗೊತ್ತಿದ್ದರೆ ಮಾತ್ರ.

ಬೋರ್ಡಿನ ಮೇಲೆ ಅಳೆದು ನೋಡುವುದು

ಲೆಕ್ಕ ಎಷ್ಟೇ ಅಚ್ಚುಕಟ್ಟಾಗಿದ್ದರೂ ಲೂಪನ್ನು ಅಳೆಯದೆ ಬಿಡಬಾರದು. ಅನಲಾಗ್ ಬೋರ್ಡಿನಲ್ಲಿ ಔಟ್‌ಪುಟ್ಟಿಗೂ ಫೀಡ್‌ಬ್ಯಾಕ್ ಡಿವೈಡರಿನ ಮೇಲ್ತುದಿಗೂ ನಡುವೆ 20 ಓಮಿನಷ್ಟು ಚಿಕ್ಕ ರೆಸಿಸ್ಟರ್ ಕೂರಿಸಿ, ಟ್ರಾನ್ಸ್‌ಫಾರ್ಮರ್ ಮೂಲಕ ಅದರ ಮೇಲೆ ಸಣ್ಣ ಸಂಕೇತ ಹಾಕಿ, ಎರಡೂ ತುದಿಗಳ ವೋಲ್ಟೇಜ್ ಅನುಪಾತವನ್ನು ಆವರ್ತನ ಬದಲಿಸುತ್ತಾ ಅಳೆಯಬೇಕು. ಲೂಪನ್ನು ಕತ್ತರಿಸದೆಯೇ ಗೇನ್ ಮತ್ತು ಫೇಸ್ ಸಿಗುತ್ತವೆ. ಡಿಜಿಟಲ್‌ನಲ್ಲಿ ಇದೇ ಸಂಕೇತವನ್ನು ಕೋಡ್‌ನೊಳಗೇ ಸೇರಿಸಬಹುದು. ಉಪಕರಣವಿಲ್ಲದಿದ್ದರೆ ಲೋಡ್ ಜಿಗಿತವೂ ಬಹಳಷ್ಟು ಹೇಳುತ್ತದೆ: ಔಟ್‌ಪುಟ್ ಒಮ್ಮೆ ಕುಸಿದು ನೇರವಾಗಿ ಮರಳಿದರೆ ಮಾರ್ಜಿನ್ ಚೆನ್ನಾಗಿದೆ, ನಾಲ್ಕೈದು ಬಾರಿ ಓಲಾಡಿ ನಿಂತರೆ ಅದು 30 ಡಿಗ್ರಿಯ ಆಸುಪಾಸಿಗೆ ಇಳಿದಿದೆ.

ಇನ್‌ಪುಟ್ ಫಿಲ್ಟರ್ ಜೋಡಿಸಿದ ಮೇಲೆ ಈ ಅಳತೆಯನ್ನು ಮತ್ತೊಮ್ಮೆ ಮಾಡಬೇಕು. ನಿಯಂತ್ರಿತ ಕನ್ವರ್ಟರ್ ಸ್ಥಿರ ವಿದ್ಯುಚ್ಛಕ್ತಿಯನ್ನು ಸೆಳೆಯುವುದರಿಂದ ಇನ್‌ಪುಟ್ ವೋಲ್ಟೇಜ್ ಇಳಿದರೆ ಕರೆಂಟ್ ಏರುತ್ತದೆ. ಅದು ಋಣ ರೋಧದಂತೆ ವರ್ತಿಸುತ್ತದೆ. 60 ವಾಟ್ ಕನ್ವರ್ಟರಿಗೆ 24 ವೋಲ್ಟಿನಲ್ಲಿ ಇದು 9.6 ಓಮ್, 18 ವೋಲ್ಟಿನಲ್ಲಿ ಕೇವಲ 5.4 ಓಮ್. ಫಿಲ್ಟರಿನ ಔಟ್‌ಪುಟ್ ಪ್ರತಿಬಾಧೆಯ ಶಿಖರ ಇದಕ್ಕಿಂತ ಸಾಕಷ್ಟು ಕೆಳಗಿರಬೇಕು; ಇಲ್ಲವಾದರೆ ದೊಡ್ಡದೊಂದು ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರನ್ನು ರೆಸಿಸ್ಟರಿನೊಡನೆ ಫಿಲ್ಟರಿನ ಅಡ್ಡಕ್ಕೆ ಹಾಕಿ ಆ ಶಿಖರವನ್ನು ತಗ್ಗಿಸಬೇಕು.

ಕೊನೆಗೆ ಮೂಲೆಗಳ ಪರೀಕ್ಷೆ. 18 ಮತ್ತು 30 ವೋಲ್ಟ್ ಇನ್‌ಪುಟ್, ಪೂರ್ಣ ಲೋಡ್ ಮತ್ತು 0.75 ಆಂಪಿಯರಿಗಿಂತ ಕಡಿಮೆ ಲೋಡ್ ಇವೆಲ್ಲವನ್ನೂ ನೋಡಬೇಕು. ಡಯೋಡ್ ಬಳಸಿದ್ದರೆ 24 ವೋಲ್ಟಿನಲ್ಲಿ ಆ ಲೋಡಿಗಿಂತ ಕೆಳಗೆ ಇಂಡಕ್ಟರ್ ಕರೆಂಟ್ ಪ್ರತಿ ಆವರ್ತದಲ್ಲೂ ಶೂನ್ಯ ಮುಟ್ಟಿ, ಸರ್ಕ್ಯೂಟಿನ ನಡತೆಯೇ ಬದಲಾಗುತ್ತದೆ. ಚಳಿಯಲ್ಲಿ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರಿನ ಇಎಸ್‌ಆರ್ ಹಲವು ಪಟ್ಟು ಏರಿ ಕ್ರಾಸ್‌ಓವರನ್ನು ಮೇಲಕ್ಕೆ ಎಳೆಯುತ್ತದೆ. ಸೆರಾಮಿಕ್ ಆದರೆ 12 ವೋಲ್ಟ್ ಹೊತ್ತ ಮೇಲೆ ಮೈಮೇಲೆ ಬರೆದಷ್ಟು ಬೆಲೆ ಉಳಿದಿರುವುದಿಲ್ಲ. ಈ ಎಲ್ಲ ಮೂಲೆಗಳಲ್ಲೂ 45 ಡಿಗ್ರಿ ಉಳಿದಿದ್ದರೆ ಬೋರ್ಡನ್ನು ಪೆಟ್ಟಿಗೆಯೊಳಗೆ ಕೂರಿಸಬಹುದು.